ಪರರ ನಾಲಗೆಗೆ ಒಗ್ಗಿದ ಹೆಸರುಗಳು

ಹದಿನಾರನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ರಂಗಭೂಮಿಯನ್ನೇರಿದ ಷೇಕ್ಸ್‌ಪಿಯರ್ ಮಹಾಕವಿಯ ‘ನಾಲ್ಕನೆಯ ಹೆನ್ರಿ’ ನಾಟಕದ ಪೂರ್ವಭಾಗದಲ್ಲಿ, ದೊರೆಯ ಮೇಲೆ ದಂಗೆಯೆದ್ದ ವೇಲ್ಸಿನ ನಾಯಕ ಓವೈನ್ ಗ್ಲಿನ್‌ಡೂರನ ಮಗಳೊಬ್ಬಳು ಕೆಲವು ನಿಮಿಷಗಳ ಮಟ್ಟಿಗೆ ನಮ್ಮೆದುರು ಬಂದು ನಿಲ್ಲುತ್ತಾಳೆ. ಆಕೆಯ ಪತಿ ಆಂಗ್ಲಪ್ರಭು ಎಡ್ಮಂಡ್ ಮಾರ್ಟಿಮರ್. ಅವನಿಗೆ ಇವಳ ಭಾಷೆ ಬಾರದು, ಇವಳಿಗೆ ಅವನ ಭಾಷೆ ಬಾರದು. ಹೆಣ್ಣು ಕೊಟ್ಟ ಮಾವನೇ ಇಬ್ಬರ ನಡುವೆ ದುಭಾಷಿಯಾಗಬೇಕಾದ ವಿನೋದವೂ ವಿಷಾದವೂ ಬೆರೆತ ಸನ್ನಿವೇಶ ಅದು. ಆಕೆ ಅಳುತ್ತಾಳೆ, ಮಾತನಾಡುತ್ತಾಳೆ, ಕೊನೆಗೆ ಹಾಡುತ್ತಾಳೆ ಸಹ. ಆದರೆ ಗ್ರಂಥವನ್ನು ತೆರೆದು ನೋಡಿದರೆ ಅವಳ ಒಂದು ಮಾತೂ ಅಲ್ಲಿ ಅಚ್ಚಾಗಿಲ್ಲ. ಆಕೆ ವೇಲ್ಷ್ ಭಾಷೆಯಲ್ಲಿ ನುಡಿಯುವಳೆಂಬ ರಂಗಸೂಚನೆಯಷ್ಟೇ ಉಂಟು. ಮಾತು ಹೋಗಲಿ, ಹೆಸರೂ ಇಲ್ಲ. ಮಾರ್ಟಿಮರನ ಪತ್ನಿ ಎಂದಷ್ಟೇ ಆಕೆಯ ಗುರುತು. ಚರಿತ್ರೆಯಲ್ಲಿ ಆ ತರುಣಿಗೆ ಹೆಸರಿತ್ತು: ಕಾಟ್ರಿನ್. ಯಾವ ಆಂಗ್ಲನ ನಾಲಗೆಗೂ ತೊಡಕಾಗದ ಹೆಸರು ಅದು. ಆಂಗ್ಲರ ಕ್ಯಾಥರೀನಳ ಒಡಹುಟ್ಟು. ಆದುದರಿಂದ ಒಂದು ನಾಡಿನ ಹೆಣ್ಣುಹೆಸರು ಇನ್ನೊಂದು ನಾಡಿನಲ್ಲಿ ಉಳಿಯುವುದೂ ಅಳಿಯುವುದೂ ಉಚ್ಚಾರದ ಸೌಲಭ್ಯವೊಂದನ್ನೇ ಅವಲಂಬಿಸಿಲ್ಲವೆಂಬುದನ್ನು ಮೊದಲೇ ನೆನಪಿನಲ್ಲಿಡುವುದು ಒಳ್ಳೆಯದು.

ಆದರೂ ಉಚ್ಚಾರದ ಪ್ರಶ್ನೆ ಸಣ್ಣದಲ್ಲ. ಇಂದು ಕಾರ್ಡಿಫಿನಲ್ಲಿಯೋ ಸ್ವಾನ್ಸಿಯಲ್ಲಿಯೋ ಹೆಣ್ಣುಮಗುವನ್ನು ಪಡೆದ ತಂದೆತಾಯಿಗಳು, ತಮ್ಮ ನಾಡಿನ ಹೆಸರನ್ನೇ ಇಡಬೇಕು, ಆದರೆ ನಾಳೆ ಮಗಳು ಲಂಡನ್ನಿಗೋ ಟೊರಾಂಟೋವಿಗೋ ಹೋದರೆ ಅಲ್ಲಿಯವರು ಅದನ್ನು ಕೆಡಿಸದೆ ಕರೆಯುವಂತಿರಬೇಕು ಎಂದು ಯೋಚಿಸುವಾಗ, ತಮಗೇ ಅರಿವಿಲ್ಲದಂತೆ ಎಂಟುನೂರು ವರ್ಷಗಳ ಹಳೆಯ ವ್ಯವಹಾರವೊಂದರಲ್ಲಿ ಪಾಲುಗೊಳ್ಳುತ್ತಿರುತ್ತಾರೆ. ಆ ವ್ಯವಹಾರದಲ್ಲಿ ನನಗೆ ಎರಡು ಯುಗಗಳು ಕಾಣುತ್ತವೆ. ಮೊದಲನೆಯದರಲ್ಲಿ ಹೆಸರು ಕಿವಿಯ ದಾರಿಯಿಂದ ಗಡಿಯನ್ನು ದಾಟಿತು, ಪರಭಾಷೆಯ ಗುಮಾಸ್ತನು ಕೇಳಿದ್ದನ್ನು ತೋಚಿದಂತೆ ಬರೆದುಕೊಂಡನು, ಕೆಟ್ಟುದು ಬರೆಹ. ಎರಡನೆಯದರಲ್ಲಿ ಹೆಸರು ಕಣ್ಣಿನ ದಾರಿಯಿಂದ, ಎಂದರೆ ಅಚ್ಚಾದ ಪುಸ್ತಕದ ದಾರಿಯಿಂದ ದಾಟಿತು. ಬರೆಹವು ಶುದ್ಧವಾಗಿಯೇ ಉಳಿಯಿತು, ಕೆಟ್ಟುದು ಉಚ್ಚಾರ. ಸುಲಭವಾದ ಹೆಸರು ಯಾವುದು, ಕಠಿಣವಾದುದು ಯಾವುದು ಎಂಬ ನಿರ್ಣಯವು ಈ ಎರಡು ಯುಗಗಳಲ್ಲಿ ಒಂದೇ ಆಗಿರಲಿಲ್ಲ.

ಪೂರ್ವದಲ್ಲಿ ವೇಲ್ಸಿನ ಜನರಿಗೆ ಮನೆತನದ ಹೆಸರೆಂಬುದು ಇರಲಿಲ್ಲ. ಗಂಡಾದರೆ ಇಂಥವನ ಮಗನೆಂದು ‘ಆಪ್’, ಹೆಣ್ಣಾದರೆ ಇಂಥವನ ಮಗಳೆಂದು ‘ವೆರ್ಖ್’ ಎಂಬ ಮಾತನ್ನು ನಡುವಿಟ್ಟು ತಂದೆಯ ಹೆಸರನ್ನು ಹೇಳುವುದು ರೂಢಿ. ಹೆಣ್ಣು ಮದುವೆಯಾದ ಮೇಲೂ ತಂದೆಯ ಮಗಳಾಗಿಯೇ ಉಳಿಯುತ್ತಿದ್ದಳು. ಗಂಡನ ಹೆಸರು ಅವಳ ಹೆಸರಿಗೆ ಅಂಟುತ್ತಿರಲಿಲ್ಲ. ಹೀಗಿರುವಾಗ ಒಬ್ಬೊಬ್ಬರ ಸ್ವಂತ ಹೆಸರಿಗೆ ಬೆಲೆ ಹೆಚ್ಚು. ಹೆಸರುಗಳ ಭಂಡಾರವೂ ದೊಡ್ಡದು. ಗ್ವೆನ್‌ಲಿಯನ್, ಅಙ್‌ಹಾರದ್, ನೆಸ್ಟ್, ಲೆಯ್ಕಿ, ಗ್ವೆರ್ವಿಲ್, ಮೊರ್ವಿದ್ ಎಂದು ಹಳೆಯ ವಂಶಾವಳಿಗಳಲ್ಲಿಯೂ ಕವಿತೆಗಳಲ್ಲಿಯೂ ಬರುವ ಈ ಹೆಸರುಗಳನ್ನು ಕನ್ನಡದ ಅಕ್ಷರಗಳಲ್ಲಿ ಬರೆಯಹೊರಟವನಿಗೆ, ವರ್ಣಮಾಲೆಯಲ್ಲಿ ಕುಳಿತು ಕೆಲಸವಿಲ್ಲದೆ ಸಂಬಳವೆಣಿಸುವ ನಮ್ಮ ಙಕಾರಕ್ಕೆ ಕಡೆಗೂ ಒಂದು ಉದ್ಯೋಗ ದೊರೆತ ಸಂತೋಷವಾಗುತ್ತದೆ. ಅಙ್‌ಹಾರದ್ ಎಂಬಲ್ಲಿ ಅದಿಲ್ಲದೆ ನಡೆಯದು. ಆದರೆ ಗ್ವೆನ್‌ಲಿಯನ್ ಎಂಬಲ್ಲಿಯ ಲಕಾರಕ್ಕೆ ನಮ್ಮಲ್ಲಿಯೂ ಅಕ್ಷರವಿಲ್ಲ. ನಾಲಗೆಯ ತುದಿಯನ್ನು ಲಕಾರಕ್ಕೆ ಇಡುವ ಸ್ಥಾನದಲ್ಲಿಯೇ ಇಟ್ಟು, ಕಂಠದ ನಾದವನ್ನು ತಡೆದು, ಬರಿಯ ಉಸಿರನ್ನು ನಾಲಗೆಯ ಪಾರ್ಶ್ವದಿಂದ ಹೊರಡಿಸಿದರೆ ಆ ಧ್ವನಿ ಹುಟ್ಟುವುದು. ವೇಲ್ಷ್ ಲಿಪಿಯಲ್ಲಿ ಅದನ್ನು ಎರಡು ‘ಎಲ್’ಗಳಿಂದ ಬರೆಯುವರು. ಈ ಒಂದು ಧ್ವನಿಯ ಮುಂದೆ ನೆರೆಹೊರೆಯವರು ಪಟ್ಟ ಪಾಡು ಚರಿತ್ರೆಯಲ್ಲಿ ಅಲ್ಲಲ್ಲಿ ಕಾಣಸಿಗುತ್ತದೆ. ಲಿವೆಲಿನ್ ಎಂಬ ಗಂಡುಹೆಸರನ್ನು ಆಂಗ್ಲರ ಕಿವಿ ‘ಫ್ಲುಯೆಲೆನ್’ ಎಂದು ಗ್ರಹಿಸಿತು; ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯಲ್ಲಿ ಆ ಹೆಸರಿನ ಸೇನಾಧಿಕಾರಿಯೇ ಇದ್ದಾನೆ. ಲಾಯ್ಡ್ ಎಂಬುದು ಫ್ಲಾಯ್ಡ್ ಆದುದೂ ಇದೇ ಬಗೆಯಲ್ಲಿ. ಇಲ್ಲದ ಧ್ವನಿಯ ಬದಲಿಗೆ ಇದ್ದುದರಲ್ಲಿ ಹತ್ತಿರದ್ದನ್ನು ಹಿಡಿದುಕೊಳ್ಳುವುದು ಕಿವಿಯ ಸ್ವಭಾವ. ಅದರಲ್ಲಿ ದುರುದ್ದೇಶವೇನೂ ಇಲ್ಲ.

ಗ್ವೆನ್‌ಲಿಯನ್ ಎಂಬ ಹೆಸರಿನ ಇಬ್ಬರು ಸ್ತ್ರೀಯರನ್ನು ವೇಲ್ಸಿನ ಜನ ಇಂದಿಗೂ ಮರೆತಿಲ್ಲ. ಮೊದಲನೆಯವಳು, ದಕ್ಷಿಣದ ರಾಜಕುಮಾರ ಗ್ರಿಫಿದ್ ಆಪ್ ರೀಸನ ಪತ್ನಿ. 1136ರಲ್ಲಿ ಪತಿಯು ಉತ್ತರದಲ್ಲಿ ನೆರವನ್ನರಸಿ ಹೋಗಿದ್ದಾಗ ತಾನೇ ದಳವನ್ನು ಕಟ್ಟಿಕೊಂಡು ಕಿದ್ವೆಲಿಯ ಕೋಟೆಯ ಬಳಿ ನಾರ್ಮನ್ನರೊಡನೆ ಕಾದಿ ಮಡಿದವಳು. ಆ ಬಯಲಿಗೆ ಈಗಲೂ ಅವಳ ಹೆಸರೇ ಉಂಟು. ಎರಡನೆಯವಳ ಕಥೆ ಮತ್ತೊಂದು ಬಗೆಯದು. ವೇಲ್ಸಿನ ಕೊನೆಯ ಸ್ವತಂತ್ರ ಪ್ರಭುವಾದ ಲಿವೆಲಿನ್ ಆಪ್ ಗ್ರಿಫಿದನ ಒಬ್ಬಳೇ ಮಗಳು ಆಕೆ. 1282ರ ಜೂನ್ ತಿಂಗಳಲ್ಲಿ ಹುಟ್ಟಿದಳು. ಹೆರಿಗೆಯಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷದ ಡಿಸೆಂಬರ್ 11ರಂದು ತಂದೆ ಯುದ್ಧದಲ್ಲಿ ಹತನಾದನು. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನು, ಈ ವಂಶದ ಕುಡಿ ಮುಂದೆ ಚಿಗುರದಿರಲೆಂದು, ತೊಟ್ಟಿಲ ಕೂಸನ್ನು ತನ್ನ ದೇಶದ ಪೂರ್ವದಂಚಿನ ಲಿಂಕನ್‌ಷೈರಿಗೆ ಸಾಗಿಸಿ ಸೆಂಪ್ರಿಂಗ್‌ಹ್ಯಾಮಿನ ಸಂನ್ಯಾಸಿನಿಯರ ಮಠದಲ್ಲಿ ಇರಿಸಿದನು. ಅಲ್ಲಿಯೇ ಬೆಳೆದು, ಅಲ್ಲಿಯೇ ದೀಕ್ಷೆ ಹೊಂದಿ, 1337ರ ಜೂನ್ 7ರಂದು ಅಲ್ಲಿಯೇ ತೀರಿಕೊಂಡ ಆ ರಾಜಪುತ್ರಿಗೆ ತನ್ನ ತಾಯ್ನುಡಿಯನ್ನು ಕೇಳುವ ಸಂದರ್ಭ ಬಂದಿರಲಾರದು. ದಾಖಲೆಗಳಲ್ಲಿ ಆಕೆಯ ಹೆಸರು ‘ವೆಂಟ್ಲಿಯಾನ್’ ಎಂದೂ ‘ವೆನ್ಸಿಲಿಯನ್’ ಎಂದೂ ಕಾಣಿಸಿಕೊಳ್ಳುತ್ತದೆ. ಮೊದಲಿನ ಗಕಾರ ಉದುರಿದೆ. ನಡುವಿನ ಆ ಉಸಿರಿನ ಲಕಾರವನ್ನು ಲಿಪಿಕಾರನೊಬ್ಬನು ತಕಾರವನ್ನು ಮುಂದಿಟ್ಟು ಹಿಡಿಯಲು ನೋಡಿದ್ದಾನೆ, ಇನ್ನೊಬ್ಬನು ಸಕಾರವನ್ನು ತುರುಕಿದ್ದಾನೆ. ಸುತ್ತಲಿನವರು ಕರೆದ ಬಗೆಯೇ ಆಕೆಗೂ ತನ್ನ ಹೆಸರಾಗಿದ್ದಿರಬೇಕು. 1993ರಲ್ಲಿ ಸೆಂಪ್ರಿಂಗ್‌ಹ್ಯಾಮಿನಲ್ಲಿ ಆಕೆಗೊಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. 2009ರಲ್ಲಿ ಸ್ನೋಡೋನಿಯಾದ ಶಿಖರವೊಂದಕ್ಕೆ ಹಿಂದಿನ ಹೆಸರನ್ನು ಬಿಡಿಸಿ ಕಾರ್ನೆದ್ ಗ್ವೆನ್‌ಲಿಯನ್ ಎಂದು ಹೆಸರಿಟ್ಟರು. ಆ ಪರ್ವತಪಂಕ್ತಿಯಲ್ಲಿ ಆಕೆಯ ತಂದೆಯ ಹೆಸರನ್ನೂ ಚಿಕ್ಕಪ್ಪನ ಹೆಸರನ್ನೂ ಹೊತ್ತ ಶಿಖರಗಳು ಮೊದಲಿನಿಂದಲೇ ಇದ್ದವು.

ಕಿವಿಯ ದಾರಿಯಿಂದ ದಾಟಿ ಹೋದ ಹೆಸರುಗಳೆಲ್ಲ ಹೀಗೆ ಅನಾಥವಾಗಲಿಲ್ಲ. ಕೆಲವು ರೂಪಾಂತರ ಹೊಂದಿ ಮೆರೆದವು. ಏಳನೆಯ ಶತಮಾನದವಳೆನ್ನಲಾದ ಗ್ವೆನ್‌ವ್ರೆವಿ ಎಂಬ ಕನ್ಯೆಯ ತಲೆಯನ್ನು, ಅವಳಿಂದ ನಿರಾಕೃತನಾದ ಕಾರದೋಗನೆಂಬುವನು ಕಡಿದನೆಂದೂ, ತಲೆ ಬಿದ್ದೆಡೆಯಲ್ಲಿ ಚಿಲುಮೆಯೊಂದು ಉಕ್ಕಿತೆಂದೂ, ಅವಳ ಬಂಧುವಾದ ಬೈನೋ ಎಂಬ ಸಂತನು ತಲೆಯನ್ನು ಮುಂಡಕ್ಕೆ ಕೂಡಿಸಿ ಬದುಕಿಸಿದನೆಂದೂ ಪುರಾಣ ಹೇಳುತ್ತದೆ. ಆ ಚಿಲುಮೆಯಿರುವ ಊರೇ ವೇಲ್ಸಿನ ಈಶಾನ್ಯದ ಹೋಲಿವೆಲ್. 1138ರಲ್ಲಿ ಶ್ರೂಸ್‌ಬರಿ ಮಠದ ಸಂನ್ಯಾಸಿಗಳು ಆಕೆಯ ಅಸ್ಥಿಗಳನ್ನು ವೇಲ್ಸಿನಿಂದ ತಮ್ಮ ಊರಿಗೆ ಮೆರವಣಿಗೆಯಲ್ಲಿ ಕೊಂಡೊಯ್ದರು. ಆ ಮಠದ ರಾಬರ್ಟನೆಂಬುವನು ಆಕೆಯ ಚರಿತೆಯನ್ನು ಲ್ಯಾಟಿನ್ನಿನಲ್ಲಿ ಬರೆದನು. ಅಸ್ಥಿಯೊಡನೆ ಹೆಸರೂ ಹೋಯಿತು. ಆದರೆ ಹೋಗುವ ದಾರಿಯಲ್ಲಿ ಅದು ಮೊದಲ ಗಕಾರವನ್ನು ಕಳೆದುಕೊಂಡಿತು. ಕೊನೆಯ ಅಕ್ಷರಗಳಿಗೆ, ಆಂಗ್ಲರ ಹಳೆಯ ಗಂಡುಹೆಸರುಗಳಲ್ಲಿ ಪರಿಚಿತವಾಗಿದ್ದ ‘ಫ್ರೆಡ್’ ಎಂಬ ಬಾಲ ಬಂದು ಸೇರಿಕೊಂಡಿತು. ಗ್ವೆನ್‌ವ್ರೆವಿಯು ಹೀಗೆ ವಿನಿಫ್ರೆಡ್ ಆದಳು. ಯಾತ್ರಿಕರು ಹೆಚ್ಚಿದಂತೆ ಹೆಸರೂ ಹರಡಿತು. ಮತಕ್ರಾಂತಿಯ ಕಾಲದಲ್ಲಿ ದೇಶದ ಇತರ ಕ್ಷೇತ್ರಗಳೆಲ್ಲ ಮುಚ್ಚಿಹೋದಾಗಲೂ ಹೋಲಿವೆಲ್ಲಿಗೆ ಭಕ್ತರು ಬರುವುದು ನಿಲ್ಲಲಿಲ್ಲ. 1686ರಲ್ಲಿ ಎರಡನೆಯ ಜೇಮ್ಸ್ ದೊರೆಯೇ ಪುತ್ರಾಪೇಕ್ಷೆಯಿಂದ ಅಲ್ಲಿಗೆ ಹೋಗಿ ಪ್ರಾರ್ಥಿಸಿದನು. ಇಂದು ವಿನಿಫ್ರೆಡ್ ಎಂಬ ಹೆಸರನ್ನು ಕೇಳಿದವರಲ್ಲಿ ಎಷ್ಟು ಮಂದಿ ಅದು ವೇಲ್ಸಿನದೆಂದು ಊಹಿಸಿಯಾರು?

ಮನ್‌ಮತ್ತಿನ ಜಾಫ್ರಿ ಎಂಬ ಪಾದ್ರಿಯು ಸುಮಾರು 1136ರಲ್ಲಿ ಲ್ಯಾಟಿನ್ನಿನಲ್ಲಿ ರಚಿಸಿದ ಬ್ರಿಟನ್ನಿನ ರಾಜರ ಚರಿತ್ರೆಯೂ ಇಂಥ ಹೆಸರುಗಳ ಒಂದು ದೊಡ್ಡ ಕಾರ್ಖಾನೆ. ಚರಿತ್ರೆಯೆಂದು ಅದನ್ನು ನಂಬುವುದು ಕಷ್ಟ. ಕಥೆಯೆಂದು ಒಪ್ಪಿದರೆ ಸೊಗಸಾಗಿದೆ. ತನ್ನನ್ನು ತೊರೆದ ಗಂಡನ ಮೇಲೆ ಯುದ್ಧ ಸಾರಿ ಅವನನ್ನು ಕೊಂದು, ಸವತಿಯನ್ನೂ ಸವತಿಯ ಮಗಳು ಹಾಬ್ರೆನಳನ್ನೂ ನದಿಗೆ ನೂಕಿಸಿದ ಗ್ವೆಂಡೊಲೀನ ಎಂಬ ರಾಣಿ ಅಲ್ಲಿ ಬರುತ್ತಾಳೆ. ಈ ಹೆಸರು ಹಳೆಯ ಗಂಡುಹೆಸರೊಂದನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿತೆಂದು ಕೆಲವು ವಿದ್ವಾಂಸರ ಮತ. ಹುಟ್ಟು ಹೇಗೇ ಇರಲಿ, ಜಾರ್ಜ್ ಎಲಿಯಟ್ 1876ರಲ್ಲಿ ತನ್ನ ಕೊನೆಯ ಕಾದಂಬರಿಯ ನಾಯಿಕೆಗೂ, ಆಸ್ಕರ್ ವೈಲ್ಡ್ 1895ರಲ್ಲಿ ತನ್ನ ಪ್ರಸಿದ್ಧ ಪ್ರಹಸನದ ತರುಣಿಗೂ ಗ್ವೆಂಡೊಲೆನ್ ಎಂದೇ ಹೆಸರಿಟ್ಟರು. ನದಿಯ ಪಾಲಾದ ಹಾಬ್ರೆನಳು ಸೆವೆರ್ನ್ ನದಿಯ ಅಧಿದೇವತೆಯಾಗಿ, ಸಬ್ರೀನ ಎಂಬ ಲ್ಯಾಟಿನ್ ರೂಪದಲ್ಲಿ, 1634ರಲ್ಲಿ ಲಡ್ಲೋ ಕೋಟೆಯಲ್ಲಿ ಆಡಿಸಿದ ಮಿಲ್ಟನ್ನನ ನಾಟಕದಲ್ಲಿ ಮೇಲೆದ್ದು ಬಂದಳು. ಅಲ್ಲಿಂದ ಇಪ್ಪತ್ತನೆಯ ಶತಮಾನದ ಸಿನಿಮಾದವರೆಗೆ ಆಕೆಯ ಪ್ರವಾಹ ಬತ್ತಲಿಲ್ಲ.

ಇವೆಲ್ಲಕ್ಕಿಂತ ದೀರ್ಘವಾದ ಯಾತ್ರೆ ಆರ್ಥರ್ ರಾಜನ ಮಹಿಷಿಯದು. ವೇಲ್ಸಿನ ಕಥೆಗಳಲ್ಲಿ ಆಕೆ ಗ್ವೆನ್‌ಹುಯ್ವರ್. ಫ್ರಾನ್ಸಿನ ಕಥಾಕಾರರ ಕೈದಾಟಿ ಇಂಗ್ಲಿಷಿನಲ್ಲಿ ಗ್ವಿನಿವಿಯರ್. ವೇಲ್ಷಿನ ದಾಯಾದಿ ಭಾಷೆಯನ್ನಾಡುತ್ತಿದ್ದ ಕಾರ್ನ್‌ವಾಲಿನ ಜನರ ಬಾಯಲ್ಲಿ ಜೆನಿಫರ್. ಆ ಮೂಲೆಯಲ್ಲಿ ಶತಮಾನಗಳ ಕಾಲ ಯಾರ ಗಮನಕ್ಕೂ ಬಾರದೆ ಇದ್ದ ಈ ಕೊನೆಯ ರೂಪವನ್ನು ಬರ್ನಾರ್ಡ್ ಷಾ 1906ರ ತನ್ನ ನಾಟಕವೊಂದರ ನಾಯಿಕೆಗೆ ಕೊಟ್ಟನು. 1970ರಿಂದ 1984ರವರೆಗೆ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಅದಕ್ಕೇ ಪ್ರಥಮಸ್ಥಾನ. ಗ್ವೆನ್‌ಹುಯ್ವರ್ ಎನ್ನಲು ಬಾರದ ನಾಲಗೆಗಳು ಜೆನಿಫರ್ ಎಂದು ಕೂಗಿ ಕೂಗಿ ದಣಿದವು.

ಇನ್ನು ಸರಕಾರದ ಮಾತು. 1536ರ ಶಾಸನವು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿ, ನ್ಯಾಯಾಲಯದ ಭಾಷೆ ಇಂಗ್ಲಿಷ್ ಮಾತ್ರವೆಂದು ವಿಧಿಸಿತು. 1538ರಿಂದ ಚರ್ಚುಗಳಲ್ಲಿ ದೀಕ್ಷಾಸ್ನಾನ ವಿವಾಹ ಶವಸಂಸ್ಕಾರಗಳ ದಫ್ತರವನ್ನಿಡುವ ಕಟ್ಟಳೆ ಬಂದಿತು. ‘ಆಪ್ ರೀಸ್’ ಎಂಬುದು ಪ್ರೈಸ್ ಆಗಿ, ‘ಆಪ್ ಹೌವೆಲ್’ ಎಂಬುದು ಪವೆಲ್ ಆಗಿ ಗಂಡಸರಿಗೆ ಮನೆತನದ ಹೆಸರುಗಳು ಅಂಟಿಕೊಂಡವು. ಹೆಂಗಸಿನ ‘ವೆರ್ಖ್’ ಯಾವ ಗುರುತನ್ನೂ ಬಿಡದೆ ಅಳಿಯಿತು. ಮನೆಯಲ್ಲಿ ಶಾನ್ ಆಗಿದ್ದವಳು ದಫ್ತರದಲ್ಲಿ ಜೇನ್ ಆದಳು. ಮಾರ್ಗೆದ್ ಎಂಬವಳು ಮಾರ್ಗರೆಟ್ ಆದಳು. ಎರಡು ಹೆಸರುಗಳ ಈ ಬಾಳು ಮೂರು ಶತಮಾನ ನಡೆಯಿತು. ಅದು ದಬ್ಬಾಳಿಕೆಯೆಂದು ಯಾರಿಗೂ ತೋರಿದಂತಿಲ್ಲ. ಒಂದು ಹೆಸರು ಅಡುಗೆಮನೆಗೆ, ಒಂದು ಹೆಸರು ಕಚೇರಿಗೆ ಎಂದು ಜನ ಹೊಂದಿಕೊಂಡಿದ್ದರು. 1588ರಲ್ಲಿ ವಿಲಿಯಂ ಮಾರ್ಗನ್ನರ ಬೈಬಲ್ ಭಾಷಾಂತರವು ಪ್ರಕಟವಾಗಿ ಭಾಷೆಯನ್ನು ಕಾಪಾಡಿತು. ಆದರೆ ಹೆಸರುಗಳ ಮಟ್ಟಿಗೆ ಅದೇ ಬೈಬಲ್ಲೂ ಅದನ್ನು ನೆಮ್ಮಿದ ಚಾಪೆಲುಗಳೂ ಮೇರಿ, ಆನ್, ಎಲಿಜಬೆತ್, ಸಾರಾ, ರೂತ್ ಎಂಬ ಧಾರ್ಮಿಕ ಹೆಸರುಗಳನ್ನೇ ಎತ್ತಿ ಹಿಡಿದು, ಗ್ವೆರ್ವಿಲ್, ಲೆಯ್ಕಿಯರನ್ನು ಮೂಲೆಗೆ ತಳ್ಳಿದವು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಒಂದು ಹಳ್ಳಿಯಲ್ಲಿ ಮನೆಗೊಬ್ಬಳು ಮೇರಿ ಜೋನ್ಸ್, ಮನೆಗೊಬ್ಬಳು ಆನ್ ಡೇವಿಸ್. ಹಾಲಿನವನನ್ನು ಹಾಲಿನ ಜೋನ್ಸ್ ಎಂದೂ ಅಂಚೆಯವನನ್ನು ಅಂಚೆಯ ಜೋನ್ಸ್ ಎಂದೂ ಕಸಬಿನಿಂದ ಗುರುತಿಸುವ ವೇಲ್ಸಿನ ಪ್ರಸಿದ್ಧ ವಾಡಿಕೆಗೆ ಈ ಬಡತನವೇ ಮೂಲ.

ಇಂಥ ಬಡತನದಿಂದ ಹೆಣ್ಣುಹೆಸರುಗಳನ್ನು ಮೇಲಕ್ಕೆತ್ತಿದುದು ಹತ್ತೊಂಬತ್ತನೆಯ ಶತಮಾನ; ಎತ್ತಿದವರಲ್ಲಿ ಮೊದಲಿಗಳು ಆಂಗ್ಲ ಮಹಿಳೆಯೊಬ್ಬಳು. ಲೇಡಿ ಷಾರ್ಲಟ್ ಗೆಸ್ಟ್, ಲಿಂಕನ್‌ಷೈರಿನ ಪ್ರಭುವಂಶದಲ್ಲಿ ಹುಟ್ಟಿ, ವೇಲ್ಸಿನ ಡೌಲಾಯಿಸ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯ ಒಡೆಯನಾಗಿದ್ದ ಜಾನ್ ಗೆಸ್ಟನನ್ನು ಮದುವೆಯಾಗಿ ಬಂದವಳು. ಬಂದ ನಾಡಿನ ಭಾಷೆಯನ್ನು ಶ್ರದ್ಧೆಯಿಂದ ಕಲಿತು, ಹತ್ತು ಮಕ್ಕಳನ್ನು ಹೆತ್ತು ಸಾಕುತ್ತ, ಗಂಡನ ಲೆಕ್ಕಪತ್ರಗಳನ್ನೂ ನೋಡಿಕೊಳ್ಳುತ್ತ, ಮಧ್ಯಯುಗದ ವೇಲ್ಷ್ ಕಥೆಗಳನ್ನು ‘ಮಾಬಿನೋಗಿಯನ್’ ಎಂಬ ಹೆಸರಿನಲ್ಲಿ 1838ರಿಂದ ಕಂತುಕಂತಾಗಿ ಇಂಗ್ಲಿಷಿಗೆ ತಂದು 1849ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದಳು. ರಿಯಾನನ್, ಬ್ರಾನ್ವೆನ್, ಓಲ್ವೆನ್, ಎನಿದ್ ಎಂಬ ನಾಯಿಕೆಯರು ವೇಲ್ಸಿನ ಹೊರಗಿನ ಓದುಗರಿಗೆ ದೊರೆತುದು ಹೀಗೆ. ತನ್ನ ಹೆಣ್ಣುಮಕ್ಕಳಿಗೆ ಆಕೆ ಇಟ್ಟ ಹೆಸರುಗಳು ನೋಡತಕ್ಕವು: ಒಬ್ಬಳು ಕ್ಯಾಥರೀನ್ ಗ್ವ್ಲಾದಿಸ್, ಒಬ್ಬಳು ಮೇರಿ ಎನಿದ್ ಎವೆಲಿನ್, ಒಬ್ಬಳು ಕಾನ್‌ಸ್ಟನ್ಸ್ ರಿಯಾನನ್. ಮುಂದೆ ಆಂಗ್ಲಸಮಾಜಕ್ಕೆ ತೋರಿಸುವ ಹೆಸರು, ಅದರ ಬೆನ್ನಿಗೆ ವೇಲ್ಸಿನ ಹೆಸರು. ಇಂದಿಗೂ ಅನೇಕ ಮನೆಗಳಲ್ಲಿ ತಂದೆತಾಯಿಗಳು ಅನುಸರಿಸುವ ಉಪಾಯ ಇದೇ ಆದುದರಿಂದ, ಈ ಸಮನ್ವಯದ ಮೊದಲ ಶಿಲ್ಪಿಗಳಲ್ಲಿ ಆಕೆಯನ್ನು ಎಣಿಸುವುದು ತಪ್ಪಾಗದು. 1843ರಲ್ಲಿ ಹುಟ್ಟಿದ ಎರಡನೆಯವಳು ಮುಂದೆ, ನಿನೆವೆಯ ಉತ್ಖನನದಿಂದ ಖ್ಯಾತನಾದ ಲೇಯರ್ಡನ ಕೈಹಿಡಿದು, ನಡುವಿನ ಹೆಸರನ್ನೇ ಮುಂದಕ್ಕೆ ತಂದು ಎನಿಡ್ ಲೇಯರ್ಡ್ ಎಂದೇ ಪ್ರಸಿದ್ಧಳಾದಳು.

ಲೇಡಿ ಷಾರ್ಲಟ್ಟಳ ಭಾಷಾಂತರವನ್ನು ಓದಿದ ಟೆನ್ನಿಸನ್ ಕವಿಯು 1859ರಲ್ಲಿ ಎನಿಡಳ ಪಾತಿವ್ರತ್ಯವನ್ನು ಕುರಿತ ಕಾವ್ಯವನ್ನು ಪ್ರಕಟಿಸಿದ ಮೇಲೆ ಆ ಹೆಸರು ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಿಗೆ ಹೊಕ್ಕಿತು. ಮಕ್ಕಳ ಕಥೆಗಳಿಂದ ನಮ್ಮ ಮಕ್ಕಳಿಗೂ ಪರಿಚಿತಳಾದ ಎನಿಡ್ ಬ್ಲೈಟನ್ 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ಇಲ್ಲಿಂದ ನಾನು ಹೇಳಿದ ಎರಡನೆಯ ಯುಗ, ಕಣ್ಣಿನ ಯುಗ, ಪ್ರಾರಂಭವಾಗುತ್ತದೆ. ನಾಲ್ಕೇ ಅಕ್ಷರಗಳ ಈ ಹೆಸರಿನಲ್ಲಿ ಆಂಗ್ಲನಿಗೆ ಅಪರಿಚಿತವಾದ ಧ್ವನಿ ಒಂದೂ ಇಲ್ಲ. ಆದರೂ ವೇಲ್ಸಿನಲ್ಲಿ ಹ್ರಸ್ವವಾಗಿದ್ದ ಮೊದಲ ಸ್ವರವನ್ನು ಇಂಗ್ಲಿಷಿನ ಓದುಗರು ತಮ್ಮ ಕಾಗುಣಿತದ ವಾಸನೆಯಿಂದ ಈಕಾರವಾಗಿಸಿ ‘ಈನಿಡ್’ ಎಂದರು. ಪುಸ್ತಕದಿಂದ ಬಂದ ಹೆಸರನ್ನು ತಿದ್ದಲು ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ.

ಇದೇ ಕಾಲದಲ್ಲಿ ವೇಲ್ಸಿನವರೂ ತಮ್ಮ ಹಳೆಯ ಹೆಸರುಗಳತ್ತ ತಿರುಗಿದರು. 1847ರಲ್ಲಿ ಸರಕಾರದ ಶಿಕ್ಷಣ ಸಮಿತಿಯೊಂದು ನೀಲಿ ಹೊದಿಕೆಯ ಮೂರು ಸಂಪುಟಗಳಲ್ಲಿ ವರದಿಯನ್ನು ಹೊರಡಿಸಿ, ವೇಲ್ಷ್ ಭಾಷೆಯು ಪ್ರಗತಿಗೆ ಕಂಟಕವೆಂದೂ ವೇಲ್ಸಿನ ಹೆಂಗಸರ ಶೀಲ ಸಡಿಲವೆಂದೂ ಘೋಷಿಸಿತು. ‘ನೀಲಿ ಪುಸ್ತಕಗಳ ದ್ರೋಹ’ವೆಂದು ಜನ ಅದನ್ನು ಇಂದಿಗೂ ಸ್ಮರಿಸುವರು. ಆ ಅಪವಾದಕ್ಕೆ ಉತ್ತರವಾಗಿ ಕವಿಗಳು ಸಾಧ್ವಿಯೂ ಸುಂದರಿಯೂ ಆದ ನಾಯಿಕೆಯರನ್ನು ಪೂರ್ವಕಾಲದಿಂದ ಅರಸಿ ತಂದರು. 1858ರ ಲ್ಯಾಂಗೊಲೆನ್ ಕವಿಮೇಳದಲ್ಲಿ ಕೇರಿಯೋಗ್ ಎಂಬ ಕವಿಯು, ಹದಿನಾಲ್ಕನೆಯ ಶತಮಾನದ ಕವಿಯೊಬ್ಬನ ಪ್ರೇಮಕ್ಕೆ ಪಾತ್ರಳಾಗಿದ್ದ ಮವಾನ್ವಿ ಎಂಬ ಸುಂದರಿಯನ್ನು ಕುರಿತು ಬರೆದು ಬಹುಮಾನ ಪಡೆದನು. 1875ರಲ್ಲಿ ಪ್ರಕಟವಾದ ಜೋಸೆಫ್ ಪಾರಿಯ ‘ಮವಾನ್ವಿ’ ಗೀತೆಯನ್ನು ವೇಲ್ಸಿನ ಗಂಡಸರ ಗಾಯನಮಂಡಲಿಗಳು ಇಂದಿಗೂ ಹಾಡುತ್ತಿವೆ. ಹಾಡನ್ನು ಕೇಳಿದವನಿಗೆ ಹೆಸರು ಅತಿ ಸುಲಭ. ಬರೆದುದನ್ನು ನೋಡಿದವನಿಗೆ ಮಾತ್ರ ಗಾಬರಿ: ವೇಲ್ಷಿನಲ್ಲಿ ಒಂಟಿ ‘ಎಫ್’ಗೆ ವಕಾರದ ಧ್ವನಿ, ‘ಡಬ್ಲ್ಯು’, ‘ವೈ’ಗಳು ಸ್ವರಗಳಾಗಿಯೂ ನಿಲ್ಲುತ್ತವೆ, ಒತ್ತು ಬೀಳುವುದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಈ ನಾಲ್ಕು ಸೂತ್ರಗಳನ್ನು ಅರಿತವನಿಗೆ ವೇಲ್ಷಿನ ಲಿಪಿಯಷ್ಟು ಪ್ರಾಮಾಣಿಕವಾದುದು ಇನ್ನೊಂದಿಲ್ಲ. ನಮ್ಮ ಲಿಪಿಯ ಹಾಗೆ ಅದೂ ಬರೆದಂತೆ ಓದಿಸಿಕೊಳ್ಳುತ್ತದೆ. ಬರೆದುದೊಂದು ಓದುವುದೊಂದಾದ ಇಂಗ್ಲಿಷಿನ ಜನರು ವೇಲ್ಷ್ ಹೆಸರನ್ನು ವಕ್ರವೆಂದು ದೂರುವುದನ್ನು ಕೇಳಿ ನಗದಿರುವುದು ಕಷ್ಟ.

ಪೇಟೆಗೆ ಬಂದ ಬಾಲೆಯರಲ್ಲಿ ಎಲ್ಲರಿಗಿಂತ ಬೇಗನೆ ವೇಷ ಬದಲಿಸಿದವಳು ಗ್ವ್ಲಾದಿಸ್. ಸಂತ ಕಾದೋಗನ ತಾಯಿಯ ಹೆಸರಾದ ಇದು ನಡುವಿನ ‘ಡಬ್ಲ್ಯು’ವನ್ನು ಕಳಚಿ ಗ್ಲ್ಯಾಡಿಸ್ ಆಗಿ, ವಿಕ್ಟೋರಿಯಾ ರಾಣಿಯ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಹುಜನಪ್ರಿಯವಾಯಿತು, ಆಂಗ್ಲರೊಡನೆ ಭಾರತಕ್ಕೂ ಬಂದಿತು. ಮಂಗಳೂರು, ಬೆಂಗಳೂರುಗಳ ಕ್ರೈಸ್ತ ಮನೆಗಳಲ್ಲಿ ಗ್ಲ್ಯಾಡಿಸ್, ವಿನಿಫ್ರೆಡ್, ಜೆನಿಫರ್ ಎಂಬವರು ಇಂದಿಗೂ ಇದ್ದಾರೆ. ಗ್ಲ್ಯಾಡಿಸ್ ಟೀಚರಿಂದ ಮಗ್ಗಿ ಕಲಿತ ನಮ್ಮ ಹುಡುಗರಿಗೆ ಆ ಹೆಸರ ಹಿಂದೆ ವೇಲ್ಸಿನ ಬೆಟ್ಟದ ರಾಜಕುಮಾರಿಯೊಬ್ಬಳಿರುವುದನ್ನು ಹೇಳಿದವರಿಲ್ಲ.

ತಂದೆತಾಯಿಗಳ ವಿವೇಚನೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಡೇವಿಡ್ ಲಾಯ್ಡ್ ಜಾರ್ಜರ ಮನೆಯನ್ನು ನೋಡಬಹುದು. ವೇಲ್ಷನ್ನೇ ಮನೆಮಾತಾಗಿ ಉಳ್ಳ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆ ಚತುರನಿಗೆ ಮೂವರು ಹೆಣ್ಣುಮಕ್ಕಳು: ಮೈರ್ ಎಲಿನೆಡ್, ಓಲ್ವೆನ್, ಮೆಗನ್. ಮೂರೂ ನಿಸ್ಸಂದೇಹವಾಗಿ ವೇಲ್ಸಿನವು. ಆದರೆ ಆ ಉಸಿರಿನ ಲಕಾರವಾಗಲಿ, ಹಕಾರ ಬೆರೆತ ರೇಫೆಯಾಗಲಿ ಯಾವುದರಲ್ಲಿಯೂ ಇಲ್ಲ. ಲಂಡನ್ನಿನ ಯಾವ ಸಭೆಯಲ್ಲಿಯೂ ಅವನ್ನು ಕೂಗಿ ಕರೆಯಬಹುದು. ತನ್ನ ಹೆಸರಿನ ‘ಲಾಯ್ಡ್’ನ ಮೊದಲಲ್ಲಿಯೇ ಆ ಕಠಿಣಾಕ್ಷರವನ್ನು ಹೊತ್ತು, ಜೀವಮಾನವೆಲ್ಲ ಆಂಗ್ಲರಿಂದ ಸಾದಾ ಲಕಾರದಲ್ಲಿ ಕರೆಯಿಸಿಕೊಂಡವನು ಮಕ್ಕಳಿಗೆ ಅದನ್ನು ತಪ್ಪಿಸಲು ಬಯಸಿದನೋ, ಅಥವಾ ಇದು ಕೇವಲ ಅಂದಿನ ಅಭಿರುಚಿಯೋ ನಿರ್ಣಯಿಸಬೇಕಾದುದಿಲ್ಲ. ಅಂದಿನ ಅಭಿರುಚಿಯೇ ಅಂಥದಾಗಿತ್ತೆಂಬುದು ಗಮನಾರ್ಹ. 1902ರಲ್ಲಿ ಹುಟ್ಟಿದ ಮೆಗನ್, ತಂದೆ ಹಣಕಾಸಿನ ಮಂತ್ರಿಯಾದಾಗ ಆರು ವರ್ಷದ ಬಾಲೆಯಾಗಿ ಡೌನಿಂಗ್ ಬೀದಿಗೆ ಬಂದಳು; 1929ರಲ್ಲಿ ಆಂಗ್ಲ್‌ಸಿ ದ್ವೀಪದಿಂದ ಚುನಾಯಿತಳಾಗಿ ವೇಲ್ಸಿನ ಮೊದಲ ಪಾರ್ಲಿಮೆಂಟ್ ಸದಸ್ಯೆಯಾದಳು. ಮಾರ್ಗರೆಟ್ಟಿನ ಮುದ್ದುಹೆಸರಾದ ಮೆಗನ್ ಎಂಬುದು ಅಲ್ಲಿಯವರೆಗೆ ಹಳ್ಳಿಯ ಮನೆಗಳದು. ಅನಂತರ ಅದು ಇಂಗ್ಲಿಷ್ ಮಾತನಾಡುವ ಜಗತ್ತಿನದು. ಜಗತ್ತು ಅದನ್ನು ‘ಮೀಗನ್’ ಎಂದೂ ‘ಮೇಗನ್’ ಎಂದೂ ಎಳೆದಾಡಿತು. ಐರ್ಲೆಂಡಿನದೆಂದು ತಪ್ಪು ತಿಳಿಯಿತು. ಅತ್ಯಂತ ಸುಲಭವೆಂದು ಆರಿಸಿದ ಹೆಸರಿಗೂ ಈ ಗತಿ!

ಸುಲಭವಾದ ಹೆಸರುಗಳಲ್ಲಿ ಹಲವು ಹೊಸ ಸೃಷ್ಟಿಗಳೆಂಬುದನ್ನೂ ಮರೆಯಬಾರದು. ‘ನಿಜವಾದದ್ದು’ ಎಂಬರ್ಥದ ಡಿಲಿಸ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ್ದು. ಪ್ರೀತಿಯ ಧಾತುವಿನಿಂದಾದ ಕಾರಿಸ್, ನಕ್ಷತ್ರವೆಂಬರ್ಥದ ಸೆರೆನ್ ಇಪ್ಪತ್ತನೆಯ ಶತಮಾನದವು. ನಿಯಾ ಎಂಬುದು ಐರಿಷ್ ಪುರಾಣದ ನಾಯಿಕೆಯೊಬ್ಬಳ ಹೆಸರನ್ನು ಟಿ. ಗ್ವಿನ್ ಜೋನ್ಸ್ ಕವಿಯು ತನ್ನ ಗೀತಕಾವ್ಯಕ್ಕಾಗಿ ವೇಲ್ಷಿಗೆ ಇಳಿಸಿದಾಗ ಬಂದುದು. ಇವನ್ನು ಕಟ್ಟಿದವರೂ ಮೆಚ್ಚಿದವರೂ ಎರಡು ಭಾಷೆಗಳಲ್ಲಿ ಬಾಳುತ್ತಿದ್ದ ಜನ. ವೇಲ್ಷ್ ಕಿವಿಗೆ ಹಿತವಾಗಿ ಇಂಗ್ಲಿಷ್ ಕಿವಿಗೆ ನೋವಾಗದ ಹೆಸರು ಅವರಿಗೆ ಯೋಚಿಸದೆಯೇ ಹೊಳೆಯುತ್ತಿತ್ತು. ಅಙ್‌ಹಾರದ್, ಗ್ವೆನ್‌ಲಿಯನ್‌ಗಳು ರೂಪುಗೊಂಡುದಾದರೋ ಇಂಗ್ಲಿಷ್ ಎಂಬ ಭಾಷೆಯ ಪರಿವೆಯೇ ಇಲ್ಲದ ಕಾಲದಲ್ಲಿ.

ಅನಂತರದ ಪ್ರಸಾರಕರು ಸಿನಿಮಾ ಮತ್ತು ಗ್ರಾಮಫೋನ್. ರಿಚರ್ಡ್ ಲಿವೆಲಿನ್ 1939ರಲ್ಲಿ ಬರೆದ ಗಣಿಕಾರ್ಮಿಕರ ಕಾದಂಬರಿಯು 1941ರಲ್ಲಿ ಹಾಲಿವುಡ್ಡಿನ ಚಿತ್ರವಾದಾಗ ಬ್ರೋನ್ವೆನ್, ಅಙ್‌ಹಾರದ್ ಎಂಬ ಪಾತ್ರಗಳು ಜಗತ್ತಿನ ಥಿಯೇಟರುಗಳಲ್ಲಿ ಕೇಳಿಸಿದವು. ಬ್ರೋನ್ವೆನ್ ನಿಂತಳು, ಅಙ್‌ಹಾರದ್ ವೇಲ್ಸಿಗೇ ಮರಳಿದಳು. ಫ್ಲೀಟ್‌ವುಡ್ ಮ್ಯಾಕ್ ಎಂಬ ವಾದ್ಯವೃಂದದ ಸ್ಟೀವಿ ನಿಕ್ಸ್, ತಾನು ಓದಿದ ಕಾದಂಬರಿಯೊಂದರಲ್ಲಿ ಕಂಡ ರಿಯಾನನ್ ಎಂಬ ಹೆಸರನ್ನು, ಅದರ ಪುರಾಣವೇನೂ ತಿಳಿಯದೆ, 1975ರಲ್ಲಿ ಹೊರಬಂದ ತನ್ನ ಹಾಡಿಗೆ ಇಟ್ಟುಕೊಂಡಳು. ಕಣ್ಣಿನ ದಾರಿಯಿಂದ ಆಕೆಗೆ ದೊರೆತದ್ದು ಲಕ್ಷಾಂತರ ಕೇಳುಗರಿಗೆ ಕಿವಿಯ ದಾರಿಯಿಂದ ತಲುಪಿತು. ಮೊದಲ ರೇಫೆಯಲ್ಲಿರಬೇಕಾದ ಹಕಾರದ ಉಸಿರು ಹೋಯಿತು. ಉಳಿದುದೆಲ್ಲ ಸುಮಾರಾಗಿ ಸರಿಯಾಗಿದೆ.

ಈಗ ಹೆಸರಿಡಹೊರಟವರ ಸ್ಥಿತಿಯು ಲಾಯ್ಡ್ ಜಾರ್ಜರ ಕಾಲದಂತಿಲ್ಲ. 1901ರ ಜನಗಣತಿಯಲ್ಲಿ ವೇಲ್ಸಿನ ಅರ್ಧದಷ್ಟು ಜನ ವೇಲ್ಷ್ ಬಲ್ಲವರಾಗಿದ್ದರು. 2021ರಲ್ಲಿ ಅವರ ಸಂಖ್ಯೆ ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ 17.8. ಹಿಂದೆ ಹೆಸರು ಸುಲಭವಾಗಿರಬೇಕೆಂದು ಬಯಸುತ್ತಿದ್ದುದು ಲಂಡನ್ನಿನ ಗುಮಾಸ್ತನಿಗಾಗಿ. ಈಗ ಆ ‘ಹೊರಗಿನವನು’ ಮಗುವಿನ ಸ್ವಂತ ತಂದೆಯಾಗಿರಬಹುದು, ತೊಟ್ಟಿಲು ತೂಗುವ ಅಜ್ಜಿಯಾಗಿರಬಹುದು. ತಮ್ಮ ಬಾಯಿಗೆ ಬಾರದ ಭಾಷೆಯ ಹೆಸರನ್ನು ಮಗಳಿಗೆ ಇಡಬೇಕೆಂಬ ಹಂಬಲವೂ ಈ ಜನರದೇ. ಸೆರೆನ್ ಎಂಬುದು ಇತ್ತೀಚಿನ ದಶಕಗಳಲ್ಲಿ ವೇಲ್ಸಿನ ಅತಿ ಪ್ರಿಯವಾದ ಹೆಣ್ಣುಹೆಸರುಗಳ ಸಾಲಿಗೆ ಬಂದುದು, ಮಾಲಿ, ನಿಯಾ, ಐರಾಗಳು ಮನೆಮನೆಯಲ್ಲಿ ಕೇಳಿಬರುತ್ತಿರುವುದು ಇವರಿಂದಲೇ. ಎರಡು ‘ಎಫ್’ಗಳಿಂದ ಮೊದಲಾಗುವ ಫಿಯೊನ್ ಎಂಬ ಹೆಸರನ್ನು ಆರಿಸುವ ಧೈರ್ಯವಂತರೂ ಇದ್ದಾರೆ, ಆ ಜೋಡಿ ಅಕ್ಷರ ನೋಡುವವನಿಗೆ ವಿಚಿತ್ರ, ನುಡಿಯುವವನಿಗೆ ಏನೂ ಅಲ್ಲ. ಗ್ವೆನ್‌ಲಿಯನ್, ಅಙ್‌ಹಾರದ್‌ಗಳನ್ನು ಇಡುವವರು ಬಹುಮಟ್ಟಿಗೆ ವೇಲ್ಷನ್ನೇ ಮನೆಮಾತಾಗಿ ಉಳ್ಳವರು; ಪರರಿಗೆ ಬಾರದಿದ್ದರೆ ಕಲಿಯಲಿ ಎಂಬುದು ಅವರ ಮತ, ಆ ಮತದ ಕಡೆಗೇ ನನ್ನ ಒಲವು.

ಕಲಿಸುವ ಏರ್ಪಾಟೂ ಈಗ ಇದೆ. 1939ರಲ್ಲಿ ಆಬರಿಸ್ಟ್ವಿತ್‌ನಲ್ಲಿ ಏಳೇ ಮಕ್ಕಳೊಡನೆ ತೆರೆದ ಮೊದಲ ವೇಲ್ಷ್ ಮಾಧ್ಯಮ ಪಾಠಶಾಲೆಯ ಮಾದರಿಯಲ್ಲಿ ನಾಡಿನ ತುಂಬ ಶಾಲೆಗಳೆದ್ದಿವೆ. ಆಗ್ನೇಯದ ಪಟ್ಟಣಗಳಲ್ಲಿ ಅವುಗಳಿಗೆ ಬರುವ ಮಕ್ಕಳಲ್ಲಿ ಬಹುಪಾಲಿನವರು ಇಂಗ್ಲಿಷ್ ಮನೆಮಾತಿನವರು. ಮನೆಯಲ್ಲಿ ಬರಿಯ ರೇಫೆಯಿಂದ ಕರೆಯಿಸಿಕೊಳ್ಳುತ್ತಿದ್ದ ರಿಯಾನನ್ ಅಲ್ಲಿ ಹಾಜರಿ ಕರೆಯುವಾಗ ತನ್ನ ಹೆಸರನ್ನು ಉಸಿರುಸಹಿತವಾಗಿ ಕೇಳಿಸಿಕೊಳ್ಳುತ್ತಾಳೆ; ಸಂಜೆ ಮನೆಗೆ ಬಂದು ಅಪ್ಪನನ್ನು ತಿದ್ದುತ್ತಾಳೆ.